ಜಿಎಸ್‌ಟಿ ಕಟ್ಟಿದ್ದನ್ನು ಟ್ಯಾಲಿಯಲ್ಲಿ ಬರೆಯುವುದು ಹೇಗೆ: ಸಣ್ಣ ಅಂಗಡಿಗಳಿಗೆ ಸಮಗ್ರ ಮಾರ್ಗದರ್ಶಿ

ಚಲನ್ ಕಟ್ಟಿದ ಕೂಡಲೇ ತೆರಿಗೆ ತೀರಿತು ಎಂದು ಬಹಳಷ್ಟು ಅಂಗಡಿಗಳ ಲೆಕ್ಕಪುಸ್ತಕ ಹೇಳುತ್ತದೆ. ಜಿಎಸ್‌ಟಿ ಪೋರ್ಟಲ್ ಹಾಗೆ ಹೇಳುವುದಿಲ್ಲ. ಚಲನ್ ಹಣ ಮೊದಲು ಹೋಗಿ ಕೂರುವುದು ನಿಮ್ಮದೇ ಹೆಸರಿನ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್‌ನಲ್ಲಿ. ತೆರಿಗೆ ತೀರಿಸುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ (ಮುಂದೆ ಬರೀ 3ಬಿ) ಸಲ್ಲಿಸುವಾಗ ಅಲ್ಲಿಂದ ಕಡಿತವಾದ ಮೇಲೆಯೇ ಸರ್ಕಾರದ ಬಾಕಿ ತೀರುತ್ತದೆ. ಹಣ ಹಾಕಿದ್ದು ಒಂದು ವ್ಯವಹಾರ, ಬಾಕಿ ತೀರಿಸಿದ್ದು ಇನ್ನೊಂದು. ಪುಸ್ತಕದಲ್ಲೂ ಇವೆರಡನ್ನು ಬೇರೆ ಬೇರೆಯಾಗಿ ಬರೆದರೆ ವರ್ಷದ ಕೊನೆಗೆ ಪೋರ್ಟಲ್ ಅಂಕಿ, ಟ್ಯಾಲಿ ಅಂಕಿ ತಾವಾಗಿಯೇ ಹೊಂದುತ್ತವೆ. ಒಂದೇ ಎಂಟ್ರಿಯಲ್ಲಿ ಮುಗಿಸಿದರೆ ಮಾರ್ಚ್‌ನಲ್ಲಿ ಆಡಿಟರ್ ಮುಂದೆ ಹನ್ನೆರಡು ತಿಂಗಳ ವ್ಯತ್ಯಾಸ ಹುಡುಕುತ್ತಾ ಕೂರಬೇಕಾಗುತ್ತದೆ.

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಅದರ ನಂತರ ನೋಂದಣಿ ಮಾಡಿಸಿ ಮೊದಲ ಸಲ ಪುಸ್ತಕ ಬರೆಯುತ್ತಿರುವವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ. ಉದಾಹರಣೆಗಳು ಟ್ಯಾಲಿ ಪ್ರೈಮ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನವು. ಜೊಹೊ ಬುಕ್ಸ್, ಬ್ಯುಸಿಯಂಥ (Busy) ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಗುಂಡಿಗಳು ಬೇರೆ, ಡೆಬಿಟ್–ಕ್ರೆಡಿಟ್ ಇದೇ.

ಮೊದಲು ಲೆಡ್ಜರ್‌ಗಳು

ರಾಜ್ಯದೊಳಗಿನ ವ್ಯಾಪಾರಕ್ಕೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಹೊರರಾಜ್ಯದ ವ್ಯಾಪಾರಕ್ಕೆ ಐಜಿಎಸ್‌ಟಿ. ಒಂದೇ ಒಂದು "ಸಿಜಿಎಸ್‌ಟಿ" ಲೆಡ್ಜರ್ ಮಾಡಿ ಖರೀದಿ, ಮಾರಾಟ ಎರಡನ್ನೂ ಅದಕ್ಕೇ ಹಾಕುವ ರೂಢಿ ಇದೆ. ಬೇಡ. ಬಾಕಿ (ಮಾರಾಟದ ಮೇಲಿನ ತೆರಿಗೆ, ಅಂದರೆ ಔಟ್‌ಪುಟ್) ಎಷ್ಟು, ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ, ಬಾಕಿಯಿಂದ ಕಳೆಯಬಹುದಾದ ತೆರಿಗೆ, ಅಂದರೆ ಇನ್‌ಪುಟ್) ಎಷ್ಟು ಎಂಬುದು ಒಂದರೊಳಗೊಂದು ಕರಗಿ, ಪೋರ್ಟಲ್‌ನ ಯಾವ ಅಂಕಿಯೊಂದಿಗೂ ಹೋಲಿಸಲಾಗದ ಮೊತ್ತ ಉಳಿಯುತ್ತದೆ. ಗೇಟ್‌ವೇ ಆಫ್ ಟ್ಯಾಲಿಯಲ್ಲಿ ಕ್ರಿಯೇಟ್, ಲೆಡ್ಜರ್‌ಗೆ ಹೋಗಿ ಇವಿಷ್ಟನ್ನು ಮಾಡಿಕೊಳ್ಳಿ:

- ಔಟ್‌ಪುಟ್ ಸಿಜಿಎಸ್‌ಟಿ, ಔಟ್‌ಪುಟ್ ಎಸ್‌ಜಿಎಸ್‌ಟಿ, ಔಟ್‌ಪುಟ್ ಐಜಿಎಸ್‌ಟಿ
- ಇನ್‌ಪುಟ್ ಸಿಜಿಎಸ್‌ಟಿ, ಇನ್‌ಪುಟ್ ಎಸ್‌ಜಿಎಸ್‌ಟಿ, ಇನ್‌ಪುಟ್ ಐಜಿಎಸ್‌ಟಿ
- ಆರ್‌ಸಿಎಂ ಬಾಕಿ ಸಿಜಿಎಸ್‌ಟಿ, ಆರ್‌ಸಿಎಂ ಬಾಕಿ ಎಸ್‌ಜಿಎಸ್‌ಟಿ (ಆರ್‌ಸಿಎಂ ಅಂದರೆ ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ಪದ್ಧತಿ)
- ಕ್ಯಾಶ್ ಲೆಡ್ಜರ್ ಸಿಜಿಎಸ್‌ಟಿ, ಕ್ಯಾಶ್ ಲೆಡ್ಜರ್ ಎಸ್‌ಜಿಎಸ್‌ಟಿ, ಕ್ಯಾಶ್ ಲೆಡ್ಜರ್ ಐಜಿಎಸ್‌ಟಿ
- 2ಬಿಯಲ್ಲಿ ಬಾರದ ಐಟಿಸಿ (ಐಟಿಸಿ ಅಂದರೆ ಇನ್‌ಪುಟ್ ಕ್ರೆಡಿಟ್, 2ಬಿ ಅಂದರೆ ಅದನ್ನು ತೋರಿಸುವ ಪೋರ್ಟಲ್‌ನ ಪಟ್ಟಿ, ವಿವರ ಹಂತ 1ರಲ್ಲಿ)
- ಜಿಎಸ್‌ಟಿ ಬಡ್ಡಿ, ಜಿಎಸ್‌ಟಿ ವಿಳಂಬ ಶುಲ್ಕ

ಔಟ್‌ಪುಟ್, ಇನ್‌ಪುಟ್, ಆರ್‌ಸಿಎಂ ಲೆಡ್ಜರ್‌ಗಳು "ಡ್ಯೂಟೀಸ್ ಅಂಡ್ ಟ್ಯಾಕ್ಸಸ್" ಗುಂಪಿಗೆ. ತೆರಿಗೆಯ ಬಗೆ ಕೇಳಿದಾಗ ಜಿಎಸ್‌ಟಿ, ಅದರೊಳಗೆ ಸೆಂಟ್ರಲ್, ಸ್ಟೇಟ್ ಅಥವಾ ಇಂಟಿಗ್ರೇಟೆಡ್ ಆರಿಸಿ. ಕ್ಯಾಶ್ ಲೆಡ್ಜರ್‌ಗಳು "ಕರೆಂಟ್ ಅಸೆಟ್ಸ್" ಗುಂಪಿಗೆ, ಏಕೆಂದರೆ ಅಲ್ಲಿರುವ ಹಣ ಇನ್ನೂ ನಿಮ್ಮದೇ. "2ಬಿಯಲ್ಲಿ ಬಾರದ ಐಟಿಸಿ" ಕೂಡ ಅದೇ ಗುಂಪಿಗೆ. ಬಡ್ಡಿ, ವಿಳಂಬ ಶುಲ್ಕ ಮಾತ್ರ "ಇನ್‌ಡೈರೆಕ್ಟ್ ಎಕ್ಸ್‌ಪೆನ್ಸಸ್".

ಈ ಪಟ್ಟಿಯಲ್ಲಿ "ಜಿಎಸ್‌ಟಿ ಖರ್ಚು" ಎಂಬ ಲೆಡ್ಜರ್ ಇಲ್ಲ ಎಂಬುದನ್ನು ಗಮನಿಸಿ. ಗಿರಾಕಿಯಿಂದ ಪಡೆದ ತೆರಿಗೆ ನಿಮ್ಮ ಆದಾಯವಲ್ಲ, ಅದನ್ನು ಸರ್ಕಾರಕ್ಕೆ ದಾಟಿಸಿದ್ದು ನಿಮ್ಮ ಖರ್ಚೂ ಅಲ್ಲ. ಬಿಲ್ಲಿಂಗ್ ಆಪ್‌ಗಳಲ್ಲಿ "ಖರ್ಚು ಸೇರಿಸಿ" ಗುಂಡಿ ಕಣ್ಣೆದುರೇ ಇರುವುದರಿಂದ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಆಗ ಲಾಭ ಅಷ್ಟರಮಟ್ಟಿಗೆ ಕಡಿಮೆ ಕಾಣುತ್ತದೆ, ಔಟ್‌ಪುಟ್ ಬಾಕಿ ಮಾತ್ರ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಇರುತ್ತದೆ. ಬ್ಯಾಲೆನ್ಸ್ ಶೀಟ್ ನೋಡಿದ ಬ್ಯಾಂಕಿನವರು "ಇಷ್ಟೊಂದು ತೆರಿಗೆ ಬಾಕಿ ಇಟ್ಟಿದ್ದೀರಲ್ಲ" ಎಂದು ಸಾಲದ ಅರ್ಜಿ ಪಕ್ಕಕ್ಕಿಡಲು ಅಷ್ಟು ಸಾಕು.

ಒಂದು ತಿಂಗಳ ಲೆಕ್ಕ

ತುಮಕೂರಿನ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಎಂದುಕೊಳ್ಳಿ. ವೈರು, ಸ್ವಿಚ್ಚುಗಳಿಗೆ 18% ದರ. ಅಕ್ಟೋಬರ್ ತಿಂಗಳ ಅಂಕಿಗಳು ಹೀಗಿವೆ.

ರಾಜ್ಯದೊಳಗಿನ ಮಾರಾಟ ₹6,00,000. ಸಿಜಿಎಸ್‌ಟಿ ₹54,000, ಎಸ್‌ಜಿಎಸ್‌ಟಿ ₹54,000. ಹೊಸೂರಿಗೆ ಮಾರಿದ್ದು ₹1,00,000. ಅದು ತಮಿಳುನಾಡಾದ್ದರಿಂದ ಐಜಿಎಸ್‌ಟಿ ₹18,000.

ಬೆಂಗಳೂರಿನಿಂದ ಖರೀದಿ ₹3,00,000. ಸಿಜಿಎಸ್‌ಟಿ ₹27,000, ಎಸ್‌ಜಿಎಸ್‌ಟಿ ₹27,000. ಕೊಯಮತ್ತೂರಿನಿಂದ ಖರೀದಿ ₹2,00,000. ಐಜಿಎಸ್‌ಟಿ ₹36,000.

ಜೊತೆಗೆ ಲಾರಿ ಬಾಡಿಗೆ ₹10,000. ರಾಜ್ಯದ್ದೇ ಟ್ರಾನ್ಸ್‌ಪೋರ್ಟ್ ಏಜೆನ್ಸಿ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿಲ್ಲ. ಹಾಗಾಗಿ 5% ಆರ್‌ಸಿಎಂ ಅಡಿ ಅಂಗಡಿಯವರೇ ಕಟ್ಟಬೇಕು: ₹250 ಸಿಜಿಎಸ್‌ಟಿ, ₹250 ಎಸ್‌ಜಿಎಸ್‌ಟಿ.

ಆರ್‌ಸಿಎಂ ಎಂದಾಗ ಇನ್ನೊಂದು ಮಾತು. ನೋಂದಣಿ ಇಲ್ಲದ ಮಾಲೀಕರ ಮಳಿಗೆಯನ್ನು ಬಾಡಿಗೆಗೆ ಹಿಡಿದಿದ್ದರೆ 2024ರ ಅಕ್ಟೋಬರ್ 10ರಿಂದ ಆ ಬಾಡಿಗೆಗೂ 18% ಆರ್‌ಸಿಎಂ ಬರುತ್ತದೆ. ಇದು ಬಹಳ ಅಂಗಡಿಗಳ ಪುಸ್ತಕದಲ್ಲಿ ಇಂದಿಗೂ ಇಲ್ಲ. ಬಾಡಿಗೆ ಎಂಟ್ರಿ ಹಾಕುವಾಗಲೇ ತೆರಿಗೆಯ ಎಂಟ್ರಿಯನ್ನೂ ಹಾಕಿ, ಅದಕ್ಕೆ ಸ್ವಂತ ಇನ್‌ವಾಯ್ಸ್ ಬರೆದಿಡಿ.

ಹಂತ 1: ಕ್ರೆಡಿಟ್ ಎಷ್ಟೆಂದು ಖಚಿತಪಡಿಸಿಕೊಳ್ಳಿ

ಮುಂದಿನ ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ಸರಬರಾಜುದಾರರು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಬಿಲ್ಲುಗಳು ಅಲ್ಲಿರುತ್ತವೆ. 2022ರ ಜನವರಿ 1ರಿಂದ ನಿಯಮ ಕಟ್ಟುನಿಟ್ಟು: 2ಬಿಯಲ್ಲಿ ಬಾರದ ಬಿಲ್ಲಿನ ಕ್ರೆಡಿಟ್ ಆ ತಿಂಗಳು ಸಿಗದು, ಬಿಲ್ಲು ನಿಮ್ಮ ಕೈಯಲ್ಲಿದ್ದರೂ, ಹಣ ಕೊಟ್ಟಿದ್ದರೂ.

ಖರೀದಿ ಪುಸ್ತಕವನ್ನೂ 2ಬಿಯನ್ನೂ ಬಿಲ್ಲಿಗೆ ಬಿಲ್ಲು ಹೋಲಿಸಿ. ಬಾರದ ಬಿಲ್ಲುಗಳ ತೆರಿಗೆಯನ್ನು ಜರ್ನಲ್ ಮೂಲಕ "2ಬಿಯಲ್ಲಿ ಬಾರದ ಐಟಿಸಿ"ಗೆ ಡೆಬಿಟ್ ಮಾಡಿ, ಇನ್‌ಪುಟ್ ಲೆಡ್ಜರ್‌ಗೆ ಕ್ರೆಡಿಟ್ ಕೊಡಿ. ಸರಬರಾಜುದಾರ ಮುಂದೆ ಯಾವಾಗ ತೋರಿಸುತ್ತಾನೋ ಆ ತಿಂಗಳು ಎಂಟ್ರಿ ತಿರುಗಿಸಿ. ಇದರಿಂದ ಯಾರ ಬೆನ್ನು ಹತ್ತಬೇಕು ಎಂಬ ಪಟ್ಟಿಯೂ ಕೈಯಲ್ಲಿರುತ್ತದೆ. ಒಂದು ಹಣಕಾಸು ವರ್ಷದ ಬಿಲ್ಲಿನ ಕ್ರೆಡಿಟ್ ಪಡೆಯಲು ಸಾಮಾನ್ಯವಾಗಿ ಮುಂದಿನ ನವೆಂಬರ್ 30ರವರೆಗೆ ಮಾತ್ರ ಅವಕಾಶ. ಅದು ದಾಟಿದರೆ ಆ ಮೊತ್ತ ನಿಜವಾಗಿಯೂ ಖರ್ಚೇ.

ನಮ್ಮ ಉದಾಹರಣೆಯಲ್ಲಿ ಎಲ್ಲವೂ 2ಬಿಯಲ್ಲಿ ಬಂದಿದೆ ಎಂದುಕೊಳ್ಳೋಣ.

ಹಂತ 2: ಆರ್‌ಸಿಎಂ ಎಂಟ್ರಿ

ಎಫ್7 ಒತ್ತಿ ಜರ್ನಲ್ ತೆರೆಯಿರಿ, ದಿನಾಂಕ ಅಕ್ಟೋಬರ್ 31. ಇನ್‌ಪುಟ್ ಸಿಜಿಎಸ್‌ಟಿ ₹250, ಇನ್‌ಪುಟ್ ಎಸ್‌ಜಿಎಸ್‌ಟಿ ₹250 ಡೆಬಿಟ್. ಆರ್‌ಸಿಎಂ ಬಾಕಿ ಸಿಜಿಎಸ್‌ಟಿ ₹250, ಎಸ್‌ಜಿಎಸ್‌ಟಿ ₹250 ಕ್ರೆಡಿಟ್.

ಆರ್‌ಸಿಎಂ ತೆರಿಗೆಯನ್ನು ಕ್ರೆಡಿಟ್‌ನಿಂದ ತೀರಿಸುವಂತಿಲ್ಲ, ನಗದಿನಿಂದಲೇ ತೀರಬೇಕು. ಆದರೆ ಹಾಗೆ ಕಟ್ಟಿದ್ದರ ಕ್ರೆಡಿಟ್ ಅದೇ ತಿಂಗಳ 3ಬಿಯಲ್ಲಿ ಪಡೆಯಬಹುದು. ಬಾಕಿಯನ್ನು ಔಟ್‌ಪುಟ್ ಲೆಡ್ಜರ್‌ಗೆ ಸೇರಿಸದೆ ಬೇರೆ ಇಡಲು ಹೇಳಿದ್ದು ಇದಕ್ಕೇ. ಸೇರಿಸಿದರೆ, ಕ್ರೆಡಿಟ್ ಹೆಚ್ಚಿರುವ ತಿಂಗಳಲ್ಲಿ ಸೆಟ್‌ಆಫ್ (ಬಾಕಿಯಿಂದ ಕ್ರೆಡಿಟ್ ಕಳೆಯುವುದು) ಮಾಡುವಾಗ ಕ್ರೆಡಿಟ್‌ನಿಂದಲೇ ಅದನ್ನೂ ತೀರಿಸಿಬಿಟ್ಟು, ಕ್ಯಾಶ್ ಲೆಡ್ಜರ್‌ನಲ್ಲಿ ₹500 ಕೊರತೆ ಬೀಳುತ್ತದೆ.

ಹಂತ 3: ಕ್ರೆಡಿಟ್ ಸೆಟ್‌ಆಫ್

ಕ್ರಮ ಕಾನೂನಿನಲ್ಲೇ ನಿಗದಿಯಾಗಿದೆ. ಮೊದಲು ಐಜಿಎಸ್‌ಟಿ ಕ್ರೆಡಿಟ್ ಪೂರ್ತಿ ಖಾಲಿಯಾಗಬೇಕು: ಅದು ಮೊದಲು ಐಜಿಎಸ್‌ಟಿ ಬಾಕಿಗೆ, ಉಳಿದದ್ದು ಸಿಜಿಎಸ್‌ಟಿಗೂ ಎಸ್‌ಜಿಎಸ್‌ಟಿಗೂ ನೀವು ಬಯಸಿದ ಪ್ರಮಾಣದಲ್ಲಿ. ಆಮೇಲೆ ಸಿಜಿಎಸ್‌ಟಿ ಕ್ರೆಡಿಟ್ ಸಿಜಿಎಸ್‌ಟಿಗೆ, ಎಸ್‌ಜಿಎಸ್‌ಟಿ ಕ್ರೆಡಿಟ್ ಎಸ್‌ಜಿಎಸ್‌ಟಿಗೆ, ಮಿಕ್ಕರೆ ಐಜಿಎಸ್‌ಟಿಗೆ. ಸಿಜಿಎಸ್‌ಟಿ ಕ್ರೆಡಿಟ್‌ನಿಂದ ಎಸ್‌ಜಿಎಸ್‌ಟಿ ತೀರಿಸಲು ಯಾವ ಕಾರಣಕ್ಕೂ ಆಗದು, ಅದರ ತಿರುವೂ ಆಗದು.

ನಮ್ಮ ₹36,000 ಐಜಿಎಸ್‌ಟಿ ಕ್ರೆಡಿಟ್‌ನಲ್ಲಿ ₹18,000 ಐಜಿಎಸ್‌ಟಿ ಬಾಕಿಗೆ ಹೋಯಿತು. ಉಳಿದ ₹18,000ವನ್ನು ₹9,000ದಂತೆ ಎರಡಕ್ಕೂ ಹಂಚಿದ್ದೇವೆ. ಸಿಜಿಎಸ್‌ಟಿ: ₹54,000ದಿಂದ ₹9,000 ಮತ್ತು ₹27,250 ಕಳೆದರೆ ₹17,750. ಎಸ್‌ಜಿಎಸ್‌ಟಿಯೂ ಅಷ್ಟೇ.

ಈ ಹಂಚಿಕೆ ಸುಮ್ಮನೆ ಮಾಡುವ ಕೆಲಸವಲ್ಲ. ಹಿಂದಿನ ತಿಂಗಳಿನಿಂದ ಉಳಿದದ್ದೂ ಸೇರಿ ಸಿಜಿಎಸ್‌ಟಿ ಕ್ರೆಡಿಟ್ ₹45,000 ಇದ್ದು, ಎಸ್‌ಜಿಎಸ್‌ಟಿ ₹27,250 ಮಾತ್ರ ಇತ್ತೆನ್ನಿ. ಉಳಿದ ₹18,000ವನ್ನು ಪೂರ್ತಿ ಸಿಜಿಎಸ್‌ಟಿಗೆ ಹಾಕಿದರೆ ಸಿಜಿಎಸ್‌ಟಿ ಕ್ರೆಡಿಟ್‌ನಲ್ಲಿ ₹9,000 ಬಳಕೆಯಾಗದೆ ಉಳಿಯುತ್ತದೆ, ಎಸ್‌ಜಿಎಸ್‌ಟಿಗೆ ಕೈಯಿಂದ ₹26,750 ಕಟ್ಟಬೇಕು. ಅರ್ಧರ್ಧ ಹಾಕಿದರೆ ಸಿಜಿಎಸ್‌ಟಿ ಸೊನ್ನೆ, ಎಸ್‌ಜಿಎಸ್‌ಟಿ ₹17,750. ಅದೇ ತಿಂಗಳು ₹9,000 ನಗದು ಕೈಯಲ್ಲಿ ಉಳಿಯಿತು. 3ಬಿಯ ಪಾವತಿ ಕೋಷ್ಟಕದಲ್ಲಿ ಪೋರ್ಟಲ್ ತಾನೇ ಒಂದು ಹಂಚಿಕೆ ಸೂಚಿಸುತ್ತದೆ. ಅದನ್ನು ಬದಲಿಸಲು ಅವಕಾಶವಿದೆ, ನೋಡಿಯೇ ಮುಂದೆ ಹೋಗಿ.

ಟ್ಯಾಲಿಯಲ್ಲಿ ಎಫ್7 ಜರ್ನಲ್ ತೆರೆದು ಆಲ್ಟ್+ಜೆ ಒತ್ತಿ. ಸ್ಟ್ಯಾಟ್ ಅಡ್ಜಸ್ಟ್‌ಮೆಂಟ್ ಕಿಟಕಿಯಲ್ಲಿ ಜಿಎಸ್‌ಟಿ ಆರಿಸಿ, ತೆರಿಗೆ ಬಾಕಿ ಕಡಿಮೆ ಮಾಡುವ, ಕ್ರೆಡಿಟ್ ಬಳಸಿದ್ದನ್ನು ಹೇಳುವ ಆಯ್ಕೆ ತೆಗೆದುಕೊಳ್ಳಿ. ಅದರ ಪದಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗಿವೆ. ದಿನಾಂಕ ಅಕ್ಟೋಬರ್ 31.

ಡೆಬಿಟ್:
- ಔಟ್‌ಪುಟ್ ಐಜಿಎಸ್‌ಟಿ ₹18,000
- ಔಟ್‌ಪುಟ್ ಸಿಜಿಎಸ್‌ಟಿ ₹36,250
- ಔಟ್‌ಪುಟ್ ಎಸ್‌ಜಿಎಸ್‌ಟಿ ₹36,250

ಕ್ರೆಡಿಟ್:
- ಇನ್‌ಪುಟ್ ಐಜಿಎಸ್‌ಟಿ ₹36,000
- ಇನ್‌ಪುಟ್ ಸಿಜಿಎಸ್‌ಟಿ ₹27,250
- ಇನ್‌ಪುಟ್ ಎಸ್‌ಜಿಎಸ್‌ಟಿ ₹27,250

ಎರಡೂ ಕಡೆ ₹90,500. ಆಲ್ಟ್+ಜೆ ಒತ್ತದೆ ಬರೀ ಜರ್ನಲ್ ಹಾಕಿದರೂ ಲೆಡ್ಜರ್ ಬಾಕಿ ಸರಿಯಾಗಿಯೇ ಬರುತ್ತದೆ. ಆದರೆ ಆ ವೋಚರ್ ಏನೆಂದು ಟ್ಯಾಲಿಗೆ ಗೊತ್ತಾಗದೆ ಜಿಎಸ್‌ಟಿ ವರದಿಯ "ಅನ್‌ಸರ್ಟನ್ ಟ್ರಾನ್ಸಾಕ್ಷನ್ಸ್" ಪಟ್ಟಿಗೆ ಬೀಳಬಹುದು.

ಹಂತ 4: ಚಲನ್ ಮತ್ತು ಅದರ ಎಂಟ್ರಿ

ಈಗ ನಗದಾಗಿ ಬೇಕಿರುವುದು: ಸಿಜಿಎಸ್‌ಟಿ ₹17,750 ಮತ್ತು ಆರ್‌ಸಿಎಂ ₹250, ಒಟ್ಟು ₹18,000. ಎಸ್‌ಜಿಎಸ್‌ಟಿ ₹18,000. ಚಲನ್ ₹36,000.

ಪೋರ್ಟಲ್‌ನಲ್ಲಿ ಮೊದಲೇ ಚಲನ್ ಮಾಡುವುದಕ್ಕಿಂತ, 3ಬಿ ತುಂಬಿ ಪಾವತಿ ಕೋಷ್ಟಕದವರೆಗೆ ಹೋಗಿ ಅಲ್ಲಿಂದಲೇ "ಕ್ರಿಯೇಟ್ ಚಲನ್" ಒತ್ತುವುದು ಒಳ್ಳೆಯದು. ಕ್ಯಾಶ್ ಲೆಡ್ಜರ್‌ನಲ್ಲಿ ಎಷ್ಟು ಕಡಿಮೆ ಇದೆಯೋ ಅಷ್ಟು ಮೊತ್ತ ಸರಿಯಾದ ತಲೆಬರಹದಡಿ (ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಥವಾ ಐಜಿಎಸ್‌ಟಿ) ತಾನೇ ತುಂಬಿಕೊಳ್ಳುತ್ತದೆ. ಚಲನ್‌ಗೆ 14 ಅಂಕಿಯ ಸಿಪಿನ್ ಬರುತ್ತದೆ, ಅದಕ್ಕೆ 15 ದಿನ ಆಯುಷ್ಯ. ಸಿಪಿನ್ ಬಂದ ಮೇಲೆ ತಿದ್ದಲಾಗದು. ತಪ್ಪಿದ್ದರೆ ಕಟ್ಟದೆ ಬಿಟ್ಟು ಹೊಸದು ಮಾಡಿ. ಬ್ಯಾಂಕ್ ಕೌಂಟರಿನಲ್ಲಿ ಕಟ್ಟುವುದಾದರೆ ಮಿತಿ ₹10,000. ಹಣ ಕಟ್ಟಿದ ಮೇಲೆ 17 ಅಕ್ಷರದ ಸಿನ್ ಬರುತ್ತದೆ. ಸಿಪಿನ್ ಅಂದರೆ ಚಲನ್ ಹುಟ್ಟಿದ್ದು ಅಷ್ಟೇ, ಸಿನ್ ಇದ್ದರೆ ಮಾತ್ರ ಹಣ ತಲುಪಿದೆ.

ಟ್ಯಾಲಿಯಲ್ಲಿ:

1. ವೋಚರ್ಸ್‌ಗೆ ಹೋಗಿ ಎಫ್5 ಒತ್ತಿ ಪೇಮೆಂಟ್ ತೆರೆಯಿರಿ.
2. ಎಫ್2 ಒತ್ತಿ ಬ್ಯಾಂಕಿನಿಂದ ಹಣ ಹೋದ ದಿನಾಂಕ ಹಾಕಿ, ನವೆಂಬರ್ 18 ಎಂದಿಟ್ಟುಕೊಳ್ಳಿ. ಅಕ್ಟೋಬರ್ ತೆರಿಗೆ ಎಂದು ಅಕ್ಟೋಬರ್ ದಿನಾಂಕ ಹಾಕಿದರೆ ಬ್ಯಾಂಕ್ ತಾಳೆ ಕೆಡುತ್ತದೆ.
3. ಡೆಬಿಟ್ ಕ್ಯಾಶ್ ಲೆಡ್ಜರ್ ಸಿಜಿಎಸ್‌ಟಿ ₹18,000, ಕ್ಯಾಶ್ ಲೆಡ್ಜರ್ ಎಸ್‌ಜಿಎಸ್‌ಟಿ ₹18,000. ಕ್ರೆಡಿಟ್ ಬ್ಯಾಂಕ್ ₹36,000.
4. ನರೇಶನ್‌ನಲ್ಲಿ ಸಿಪಿನ್, ಸಿನ್, "ಅಕ್ಟೋಬರ್ ತೆರಿಗೆ" ಎಂದು ಬರೆಯಿರಿ.
5. ಕಂಟ್ರೋಲ್+ಎ ಒತ್ತಿ ಉಳಿಸಿ.

ಬ್ಯಾಂಕ್ ಶುಲ್ಕ ಹಿಡಿದಿದ್ದರೆ ಅದನ್ನು ಬ್ಯಾಂಕ್ ಚಾರ್ಜಸ್‌ಗೆ ಬೇರೆ ಎಂಟ್ರಿಯಾಗಿ ಹಾಕಿ. ಚಲನ್ ಮೊತ್ತದೊಳಗೆ ಬೆರೆಸಬೇಡಿ.

ಪೇಮೆಂಟ್ ವೋಚರ್‌ನಲ್ಲಿ ಕಂಟ್ರೋಲ್+ಎಫ್ ಒತ್ತಿದರೆ ಆಟೋಫಿಲ್ ಬರುತ್ತದೆ. ಅಲ್ಲಿ ಸ್ಟ್ಯಾಟ್ ಪೇಮೆಂಟ್ ಆರಿಸಿ ಜಿಎಸ್‌ಟಿ, ಅವಧಿ, ಬ್ಯಾಂಕ್ ಕೊಟ್ಟರೆ ಟ್ಯಾಲಿ ನೇರವಾಗಿ ಔಟ್‌ಪುಟ್ ಲೆಡ್ಜರ್‌ಗಳನ್ನೇ ಡೆಬಿಟ್ ಮಾಡಿ, ಸಿಪಿನ್–ಸಿನ್ ವಿವರವನ್ನೂ ಕೇಳುತ್ತದೆ. ಚಲನ್ ಕಟ್ಟಿದ ದಿನವೇ, ಕಟ್ಟಿದಷ್ಟೇ ಮೊತ್ತಕ್ಕೆ 3ಬಿ ಸಲ್ಲಿಸುವವರಿಗೆ ಈ ಅಡ್ಡದಾರಿ ಸಾಕು. ಒಂದು ರೂಪಾಯಿ ಹೆಚ್ಚು ಕಟ್ಟಿದರೂ, ಎರಡು ದಿನ ತಡವಾಗಿ ಸಲ್ಲಿಸಿದರೂ ಪುಸ್ತಕಕ್ಕೂ ಪೋರ್ಟಲ್‌ಗೂ ಹೊಂದುವುದಿಲ್ಲ. ಕ್ಯಾಶ್ ಲೆಡ್ಜರ್ ದಾರಿಯೇ ಭದ್ರ.

ಹಂತ 5: 3ಬಿ ಸಲ್ಲಿಸಿದ ದಿನ

3ಬಿಗೆ ಕೊನೆಯ ದಿನ ಮುಂದಿನ ತಿಂಗಳ 20. ಸಲ್ಲಿಸಿ ಮುಗಿದ ದಿನಾಂಕಕ್ಕೆ ಎಫ್7 ಜರ್ನಲ್: ಔಟ್‌ಪುಟ್ ಸಿಜಿಎಸ್‌ಟಿ ₹17,750, ಔಟ್‌ಪುಟ್ ಎಸ್‌ಜಿಎಸ್‌ಟಿ ₹17,750, ಆರ್‌ಸಿಎಂ ಬಾಕಿ ಎರಡಕ್ಕೂ ₹250 ಡೆಬಿಟ್. ಕ್ಯಾಶ್ ಲೆಡ್ಜರ್ ಸಿಜಿಎಸ್‌ಟಿ ₹18,000, ಎಸ್‌ಜಿಎಸ್‌ಟಿ ₹18,000 ಕ್ರೆಡಿಟ್.

ಈಗ ನೋಡಿ: ಔಟ್‌ಪುಟ್‌ನಲ್ಲಿ ಅಕ್ಟೋಬರ್ ಬಾಕಿ ಸೊನ್ನೆ, ಆರ್‌ಸಿಎಂ ಸೊನ್ನೆ, ಕ್ಯಾಶ್ ಲೆಡ್ಜರ್ ಸೊನ್ನೆ. ಪೋರ್ಟಲ್ ತೆರಿಗೆಯನ್ನು ಪೂರ್ಣ ರೂಪಾಯಿಗೆ ತೆಗೆದುಕೊಳ್ಳುತ್ತದೆ. ಪುಸ್ತಕದಲ್ಲಿ ಪೈಸೆ ಉಳಿದಿದ್ದರೆ ಅದೇ ಜರ್ನಲ್‌ನಲ್ಲಿ ರೌಂಡ್ ಆಫ್ ಲೆಡ್ಜರ್‌ಗೆ ಹಾಕಿ ತೀರಿಸಿ. ಬಿಟ್ಟರೆ ವರ್ಷಾಂತ್ಯಕ್ಕೆ ಯಾವ ತಿಂಗಳದ್ದೆಂದು ಯಾರಿಗೂ ಗೊತ್ತಾಗದ ನಾಲ್ಕಾರು ರೂಪಾಯಿ ನಿಂತಿರುತ್ತದೆ.

ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು

₹5 ಕೋಟಿವರೆಗಿನ ವಹಿವಾಟಿನವರಿಗೆ 2021ರ ಜನವರಿಯಿಂದ ಕ್ಯುಆರ್‌ಎಂಪಿ (ಮೂರು ತಿಂಗಳಿಗೊಮ್ಮೆ ರಿಟರ್ನ್, ತಿಂಗಳು ತಿಂಗಳು ಪಾವತಿ) ಇದೆ. ತ್ರೈಮಾಸಿಕದ ಮೊದಲ ಎರಡು ತಿಂಗಳಿಗೆ ಮುಂದಿನ ತಿಂಗಳ 25ರೊಳಗೆ ಪಿಎಂಟಿ-06 ಎಂಬ ಚಲನ್‌ನಲ್ಲಿ ಹಣ ಕಟ್ಟಬೇಕು. ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ 35% ಕಟ್ಟುವ ನಿಗದಿತ ಮೊತ್ತದ ದಾರಿ ಒಂದು, ಆಯಾ ತಿಂಗಳ ಲೆಕ್ಕ ಹಾಕಿ ಕಟ್ಟುವುದು ಇನ್ನೊಂದು. ತ್ರೈಮಾಸಿಕ 3ಬಿ ಕರ್ನಾಟಕದವರಿಗೆ ಮುಂದಿನ ತಿಂಗಳ 22ಕ್ಕೆ.

ಮೊದಲ ಎರಡು ತಿಂಗಳು ಹಂತ 4 ಮಾತ್ರ ಮಾಡಿ, ಹಂತ 5 ಮಾಡಬೇಡಿ. ಹಣ ಕ್ಯಾಶ್ ಲೆಡ್ಜರ್‌ನಲ್ಲೇ ಇರಲಿ, ಏಕೆಂದರೆ ಪೋರ್ಟಲ್‌ನಲ್ಲೂ ಅದು ಅಲ್ಲೇ ಇದೆ. ಮೂರನೇ ತಿಂಗಳ 3ಬಿ ಆದ ಮೇಲೆ ಮೂರೂ ತಿಂಗಳದ್ದನ್ನು ಒಟ್ಟಿಗೆ ತೀರಿಸಿ. ಪಿಎಂಟಿ-06 ಕಟ್ಟಿದ್ದನ್ನೇ ಔಟ್‌ಪುಟ್‌ಗೆ ಡೆಬಿಟ್ ಮಾಡಿದ ಪುಸ್ತಕಗಳಲ್ಲಿ ನಿಗದಿತ ಮೊತ್ತಕ್ಕೂ ನಿಜವಾದ ಬಾಕಿಗೂ ತಾಳೆಯಾಗದೆ ಒಂದು ತಿಂಗಳು ಋಣ, ಇನ್ನೊಂದು ತಿಂಗಳು ಧನ ಕಾಣಿಸುತ್ತದೆ.

ಕಾಂಪೋಸಿಷನ್‌ನವರ (ವಹಿವಾಟಿನ ಮೇಲೆ ಸಣ್ಣ ನಿಗದಿತ ದರದಲ್ಲಿ ತೆರಿಗೆ ಕಟ್ಟುವವರ) ಲೆಕ್ಕ ಸಂಪೂರ್ಣ ಬೇರೆ. ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ, ಇನ್‌ಪುಟ್ ಕ್ರೆಡಿಟ್ ಇಲ್ಲ. ವ್ಯಾಪಾರಿ ಕಟ್ಟುವ 1% ತನ್ನ ಜೇಬಿನದು, ಹಾಗಾಗಿ ಅದು ನಿಜವಾದ ಖರ್ಚು. ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ಸಿಎಂಪಿ-08 ಸಲ್ಲಿಸಿ, ಮೊತ್ತವನ್ನು "ಕಾಂಪೋಸಿಷನ್ ತೆರಿಗೆ" ಎಂಬ ಖರ್ಚಿನ ಲೆಡ್ಜರ್‌ಗೆ ಹಾಕಿ.

ತಡವಾದರೆ

ಬಡ್ಡಿ ವರ್ಷಕ್ಕೆ 18%, ಅದೂ ನಗದಾಗಿ ಕಟ್ಟಬೇಕಾದ ಭಾಗಕ್ಕೆ. ನಮ್ಮ ಅಂಗಡಿ ಚಲನ್ ಮತ್ತು 3ಬಿ ಎರಡನ್ನೂ ನವೆಂಬರ್ 30ಕ್ಕೆ ಮಾಡಿದರೆ 10 ದಿನ ತಡ. ₹18,000 × 18% × 10 ÷ 365 ಅಂದರೆ ₹88.77, ಪೂರ್ಣಕ್ಕೆ ₹89. ಎರಡೂ ತಲೆಬರಹಕ್ಕೆ ₹178. ವಿಳಂಬ ಶುಲ್ಕ ದಿನಕ್ಕೆ ₹25ರಂತೆ ಎರಡಕ್ಕೂ, 10 ದಿನಕ್ಕೆ ₹500. ವಹಿವಾಟೇ ಇಲ್ಲದ ತಿಂಗಳ ರಿಟರ್ನ್ ಆದರೆ ದಿನಕ್ಕೆ ಒಟ್ಟು ₹20.

ಗಡುವಿನೊಳಗೆ ಹಣ ಕ್ಯಾಶ್ ಲೆಡ್ಜರ್‌ನಲ್ಲಿ ಬಿದ್ದಿದ್ದು, 3ಬಿ ಸಲ್ಲಿಸುವವರೆಗೂ ಅಲ್ಲೇ ಇದ್ದರೆ, 2024ರ ಜುಲೈ ತಿದ್ದುಪಡಿಯ ನಂತರ ಅಷ್ಟು ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುವುದಿಲ್ಲ. ವಿಳಂಬ ಶುಲ್ಕ ಮಾತ್ರ ತಪ್ಪದು. ಆದ್ದರಿಂದ ಬಿಲ್ಲುಗಳ ತಾಳೆ ಮುಗಿಯದೆ 20ರೊಳಗೆ ಸಲ್ಲಿಸಲಾಗದು ಅನ್ನಿಸಿದರೆ ಕನಿಷ್ಠ ಚಲನ್ ಕಟ್ಟಿಬಿಡಿ.

ಅಕ್ಟೋಬರ್ 3ಬಿ ತಡವಾದ ಶುಲ್ಕ, ಬಡ್ಡಿಯನ್ನು ಪೋರ್ಟಲ್ ಸಾಮಾನ್ಯವಾಗಿ ನವೆಂಬರ್ 3ಬಿಯಲ್ಲಿ ತೋರಿಸುತ್ತದೆ. ತಡವಾದ ದಿನವೇ ಖರ್ಚಿನ ಲೆಡ್ಜರ್ ಡೆಬಿಟ್ ಮಾಡಿ, ಬಾಕಿ ಎಂದು ತೋರಿಸಿ. ಮುಂದಿನ ಚಲನ್‌ನಲ್ಲಿ "ಇಂಟರೆಸ್ಟ್" ಮತ್ತು "ಫೀ" ಅಂಕಣಗಳಲ್ಲಿ ಬೇರೆ ಬೇರೆ ತುಂಬಿ ತೀರಿಸಿ. ಎರಡನ್ನೂ "ಟ್ಯಾಕ್ಸ್" ಅಂಕಣದಲ್ಲಿ ಹಾಕಬೇಡಿ.

ತಪ್ಪು ತಲೆಬರಹಕ್ಕೆ ಹಣ ಬಿದ್ದರೆ

ಎಸ್‌ಜಿಎಸ್‌ಟಿಯ ₹18,000 ಐಜಿಎಸ್‌ಟಿ ಅಡಿ ಹೋಗಿದ್ದರೆ ಮತ್ತೆ ಹಣ ಕಟ್ಟಬೇಕಿಲ್ಲ. ಪೋರ್ಟಲ್‌ನಲ್ಲಿ ಪಿಎಂಟಿ-09 ತುಂಬಿ ತಲೆಬರಹ ಬದಲಿಸಬಹುದು. ಟ್ಯಾಕ್ಸ್ ಅಂಕಣದ ಹಣವನ್ನು ಬಡ್ಡಿ, ಶುಲ್ಕದ ಅಂಕಣಕ್ಕೂ ಹೀಗೇ ತರಬಹುದು. ಟ್ಯಾಲಿಯಲ್ಲಿ ಮೂಲ ಪೇಮೆಂಟ್ ವೋಚರ್ ತಿದ್ದಬೇಡಿ, ಅದು ಬ್ಯಾಂಕಿನಲ್ಲಿ ಆದ ಹಾಗೆಯೇ ಇರಲಿ. ಪಿಎಂಟಿ-09 ಸಲ್ಲಿಸಿದ ದಿನಾಂಕಕ್ಕೆ ಕ್ಯಾಶ್ ಲೆಡ್ಜರ್ ಎಸ್‌ಜಿಎಸ್‌ಟಿ ಡೆಬಿಟ್, ಕ್ಯಾಶ್ ಲೆಡ್ಜರ್ ಐಜಿಎಸ್‌ಟಿ ಕ್ರೆಡಿಟ್ ಎಂದು ಜರ್ನಲ್ ಹಾಕಿ. ಆದರೆ 3ಬಿಯಲ್ಲಿ ಒಮ್ಮೆ ಕಡಿತವಾದ ಮೊತ್ತಕ್ಕೆ ಈ ದಾರಿ ಇಲ್ಲ.

ತಾಳೆ ನೋಡುವುದು, ವರ್ಷ ಮುಗಿಸುವುದು

ಪ್ರತಿ 3ಬಿ ಆದ ಮರುದಿನ ಪೋರ್ಟಲ್‌ನ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್, ಕ್ರೆಡಿಟ್ ಲೆಡ್ಜರ್ ತೆರೆಯಿರಿ. ಮೊದಲನೆಯದು ಟ್ಯಾಲಿಯ ಕ್ಯಾಶ್ ಲೆಡ್ಜರ್‌ಗಳಿಗೆ ರೂಪಾಯಿಗೆ ರೂಪಾಯಿ ಸಮವಿರಬೇಕು. ಎರಡನೆಯದನ್ನು ಆ ತಿಂಗಳ ಕೊನೆಯ ದಿನದ ಇನ್‌ಪುಟ್ ಬಾಕಿಯೊಂದಿಗೆ ಹೋಲಿಸಿ, ಇಂದಿನ ಬಾಕಿಯೊಂದಿಗಲ್ಲ. ಇಂದಿನದರಲ್ಲಿ ಚಾಲ್ತಿ ತಿಂಗಳ ಖರೀದಿಯೂ ಸೇರಿರುತ್ತದೆ.

ಮಾರ್ಚ್‌ನಲ್ಲಿ ಒಂದು ಎಚ್ಚರ. ಮಾರ್ಚ್ ತಿಂಗಳ ಕ್ರೆಡಿಟ್ ಸೆಟ್‌ಆಫ್ ಜರ್ನಲ್ ಮಾರ್ಚ್ 31ಕ್ಕೆ ಬರುತ್ತದೆ, ಚಲನ್ ಮತ್ತು ಕಡಿತದ ಎಂಟ್ರಿ ಏಪ್ರಿಲ್‌ನಲ್ಲಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಆಗ ಉಳಿಯುವ ಔಟ್‌ಪುಟ್ ಬಾಕಿ, ಆರ್‌ಸಿಎಂ ಬಾಕಿ ಸೇರಿ ಏಪ್ರಿಲ್‌ನಲ್ಲಿ ಸಲ್ಲಿಸುವ ಮಾರ್ಚ್ 3ಬಿಯಲ್ಲಿ ನಗದಾಗಿ ಕಟ್ಟಿದ ತೆರಿಗೆ ಮೊತ್ತಕ್ಕೆ ಸರಿಯಾಗಿ ಸಮವಾಗಬೇಕು. ಆ ಚಲನ್‌ನ ಪ್ರತಿಯನ್ನು ಆಡಿಟರ್‌ಗೆ ಕೊಡಲು ಮರೆಯಬೇಡಿ. ಆದಾಯ ತೆರಿಗೆಯಲ್ಲಿ ಇಂಥ ಬಾಕಿಯನ್ನು ಒಪ್ಪುವುದು ಐಟಿ ರಿಟರ್ನ್ ಗಡುವಿನೊಳಗೆ ಅದು ಕಟ್ಟಿ ಮುಗಿದಿದ್ದರೆ ಮಾತ್ರ.

ಪ್ರತಿ ತಿಂಗಳಿಗೆ ಒಂದು ಫೋಲ್ಡರ್ ಮಾಡಿ ನಾಲ್ಕು ಕಡತ ಇಡಿ: 2ಬಿ, ಸಿನ್ ಇರುವ ಚಲನ್ ರಸೀದಿ, ಸಲ್ಲಿಸಿದ 3ಬಿ, ಆ ದಿನದ ಕ್ಯಾಶ್ ಲೆಡ್ಜರ್ ಪ್ರತಿ. ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಕೊಳ್ಳಬೇಕೆಂದು ಕಾನೂನು ಹೇಳುತ್ತದೆ. ಮೇಲ್ಮನವಿ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ.